ಆಂಗ್ಲೇಯರ ಎರಡು ಹೆಸರು, ಬಳ್ಳಾರಿಯ ಎರಡು ನುಡಿ

ಭಾರತದ ಮುಂದಿನ ಜನಗಣತಿಗೆ 2027ನೆಯ ಮಾರ್ಚ್ 1ನೆಯ ತಾರೀಖನ್ನು ಗಣನೆಯ ದಿನವೆಂದು ಕೇಂದ್ರ ಸರ್ಕಾರವು 2025ನೆಯ ಜೂನ್ ತಿಂಗಳಿನಲ್ಲಿ ಪ್ರಕಟಿಸಿತು. ಹಿಂದಿನ ಗಣತಿಗಳಲ್ಲಿ ಮಾತೃಭಾಷೆಗೆಂದು ಒಂದು ಕಲಮು ಇದ್ದಿತು. ಮಂಡ್ಯದ ಒಕ್ಕಲಿಗನಿಗೆ ಆ ಕಲಮನ್ನು ತುಂಬಿಸುವುದು ಕ್ಷಣಮಾತ್ರದ ಕೆಲಸ. ಬಳ್ಳಾರಿಯ ಕೌಲ್ ಬಜಾರಿನಲ್ಲಿಯೂ ಸಿರುಗುಪ್ಪದ ಪೇಟೆಯಲ್ಲಿಯೂ ಅದು ಅಷ್ಟು ಸುಲಭವಲ್ಲವೆಂಬುದನ್ನು ನಮ್ಮ ವಾಚಕರು ಬಲ್ಲರು. ತಾಯಿಯೊಡನೆ ತೆಲುಗು, ಕಚೇರಿಯಲ್ಲಿ ಕನ್ನಡ, ನೆರೆಮನೆಯವರೊಡನೆ ಉರ್ದು ಆಡುವ ಮನೆಗಳು ಇಲ್ಲಿ ಹಲವು. ಇಂಥ ಮನೆಯವನು ಗಣತಿಯ ಗುಮಾಸ್ತನಿಗೆ ಕೊಡುವ ಉತ್ತರದ ಮೇಲೆ ಹಿಂದೊಮ್ಮೆ ಒಂದು ಇಡೀ ತಾಲ್ಲೂಕಿನ ಭವಿಷ್ಯವೇ ತೂಗಾಡಿತ್ತು. ಆ ಕಥೆಗೆ ಬರುವ ಮೊದಲು, ನಮ್ಮನ್ನು ಒಂದೂವರೆ ಶತಮಾನ ಆಳಿದ ಜನರು ತಮ್ಮ ಹೆಸರನ್ನು ಕುರಿತು ಇದೇ ಬಗೆಯ ಪ್ರಶ್ನೆಗೆ ಏನು ಉತ್ತರ ಕೊಟ್ಟರೆಂಬುದನ್ನು ನೋಡುವುದು ಪ್ರಯೋಜನಕರ.

ಇಂಗ್ಲೆಂಡ್ ಮತ್ತು ವೇಲ್ಸ್ ದೇಶಗಳ ಜನಗಣತಿಯಲ್ಲಿ ರಾಷ್ಟ್ರೀಯತೆಯ ಭಾವನೆಯನ್ನು ಕುರಿತ ಪ್ರಶ್ನೆಯನ್ನು ಮೊಟ್ಟಮೊದಲು ಕೇಳಿದ್ದು 2011ರಲ್ಲಿ. ಆಗ ನೂರಕ್ಕೆ 57.7 ಮಂದಿ ತಾವು ಕೇವಲ ‘ಇಂಗ್ಲಿಷ್’ ಎಂದು ಬರೆಯಿಸಿದರು. ಕೇವಲ ‘ಬ್ರಿಟಿಷ್’ ಎಂದವರು 19.1 ಮಂದಿ. ಹತ್ತು ವರ್ಷಗಳ ತರುವಾಯ, 2021ರಲ್ಲಿ, ಲೆಕ್ಕ ಪೂರ್ತಿ ತಿರುಗಿಬಿಟ್ಟಿತು: ಕೇವಲ ಬ್ರಿಟಿಷರೆಂದವರು 54.8, ಕೇವಲ ಇಂಗ್ಲಿಷರೆಂದವರು 14.9. ಇಷ್ಟು ಸ್ವಲ್ಪಕಾಲದಲ್ಲಿ ಕೋಟ್ಯಂತರ ಜನರ ಹೃದಯವು ಮಾರ್ಪಟ್ಟಿತೆ? ಇಂಗ್ಲೆಂಡಿನಲ್ಲಿ ಹಂಚಿದ 2011ರ ಪತ್ರದಲ್ಲಿ ‘ಇಂಗ್ಲಿಷ್’ ಎಂಬ ಉತ್ತರವು ಎಲ್ಲಕ್ಕಿಂತ ಮೇಲಿದ್ದಿತು. 2021ರಲ್ಲಿ ‘ಬ್ರಿಟಿಷ್’ ಎಂಬುದನ್ನು ಮೇಲಕ್ಕೆ ತಂದಿದ್ದರು. ವ್ಯತ್ಯಾಸಕ್ಕೆ ಇದೂ ಒಂದು ಕಾರಣವೆಂದು ಅಲ್ಲಿಯ ಅಂಕಿಅಂಶಗಳ ಇಲಾಖೆಯೇ ಒಪ್ಪಿಕೊಂಡಿದೆ. ಮೊದಲು ಕಣ್ಣಿಗೆ ಬಿದ್ದ ಹೆಸರಿಗೆ ಗುರುತು ಹಾಕಿ ಮುಂದಕ್ಕೆ ಸಾಗಿದವರು ಬಹುಮಂದಿ ಇದ್ದಿರಬೇಕು. ಲೋಕದಲ್ಲಿಯೇ ಅತಿ ದೊಡ್ಡ ಚಕ್ರಾಧಿಪತ್ಯವನ್ನು ಕಟ್ಟಿದ ಜನಾಂಗಕ್ಕೆ ತನ್ನ ಎರಡು ಹೆಸರುಗಳ ನಡುವಿನ ಭೇದವು ಇಷ್ಟು ಸಡಿಲವಾಗಿರುವುದು ಸೋಜಿಗದ ಸಂಗತಿಯೇ ಸರಿ.

ಇದಕ್ಕೆ ಕಾರಣವು ಚರಿತ್ರೆಯಲ್ಲಿದೆ. 1536ರಲ್ಲಿ ಎಂಟನೆಯ ಹೆನ್ರಿಯ ಕಾನೂನು ವೇಲ್ಸ್ ಸೀಮೆಯನ್ನು ಇಂಗ್ಲೆಂಡಿನೊಳಕ್ಕೆ ಸೇರಿಸಿಕೊಂಡು, ನ್ಯಾಯಸ್ಥಾನಗಳಲ್ಲಿ ಇಂಗ್ಲಿಷೊಂದೇ ನಡೆಯತಕ್ಕದ್ದೆಂದು ವಿಧಿಸಿತು. 1707ರಲ್ಲಿ ಸ್ಕಾಟ್ಲೆಂಡು ಕೂಡಿಕೊಂಡಿತಾದರೂ, ತನ್ನ ನ್ಯಾಯಪದ್ಧತಿಯನ್ನೂ ತನ್ನ ಚರ್ಚನ್ನೂ ಒಪ್ಪಂದದಲ್ಲಿಯೇ ಉಳಿಸಿಕೊಂಡಿತು. ‘ಬ್ರಿಟನ್’ ಎಂಬುದು ಹೀಗೆ ಕೂಡಿದವರೆಲ್ಲರ ಹೆಸರು. ಆದರೆ ಕೂಡಿದವರಲ್ಲಿ ಹಿರಿಯ ಪಾಲುದಾರನಾದ ಇಂಗ್ಲೆಂಡು ಒಟ್ಟು ಕುಟುಂಬದ ಹೆಸರನ್ನು ತನ್ನದೇ ಹೆಸರೆಂದು ಭಾವಿಸಿತು. ಇಂದಿಗೂ ಯುನೈಟೆಡ್ ಕಿಂಗ್‌ಡಮ್ಮಿನ ಜನರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಇರುವುದು ಇಂಗ್ಲೆಂಡಿನಲ್ಲಿ. ದೊಡ್ಡವನಿಗೆ ತಾನು ಯಾರೆಂದು ಹೇಳಿಕೊಳ್ಳುವ ಪ್ರಸಂಗವೇ ಬರಲಿಲ್ಲ. ಚಿಕ್ಕವರು ದಿನದಿನವೂ ಹೇಳಿಕೊಳ್ಳಬೇಕಾಯಿತು.

ಈ ಅಲಕ್ಷ್ಯದ ಫಲವನ್ನು ಆಂಗ್ಲೇಯರು ಈಗ ಅನುಭವಿಸುತ್ತಿದ್ದಾರೆ. 1999ರಿಂದ ಸ್ಕಾಟ್ಲೆಂಡಿನಲ್ಲಿಯೂ ವೇಲ್ಸಿನಲ್ಲಿಯೂ ಪ್ರತ್ಯೇಕ ಶಾಸನಸಭೆಗಳಿವೆ. ಇಂಗ್ಲೆಂಡಿಗೆ ಮಾತ್ರ ತನ್ನದೆಂಬ ಸಭೆಯಿಲ್ಲ. ಕಾಲ್ಚೆಂಡಿನ ಪಂದ್ಯದಲ್ಲಿ ಇಂಗ್ಲೆಂಡಿನ ತಂಡವು ಬೇರೆಯಾಗಿ ಆಡುವುದು. ಆದರೆ ಆಗ ಹಾಡುವುದು ಇಡೀ ರಾಜ್ಯದ ರಾಷ್ಟ್ರಗೀತೆಯನ್ನೇ. ಚಕ್ರಾಧಿಪತ್ಯವು ಇದ್ದಷ್ಟು ಕಾಲ, ಅದರ ವ್ಯಾಪಾರ, ಸೈನ್ಯ ಮತ್ತು ಉದ್ಯೋಗಗಳೇ ನಾಲ್ಕು ನಾಡಿನವರನ್ನೂ ಬಿಗಿದಿದ್ದ ಹಗ್ಗ. ಅದು ಕಳಚಿದ ಮೇಲೆ ಗಂಟುಗಳು ಸಡಿಲವಾದುವು. 2014ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಮತದಾರರಲ್ಲಿ ನೂರಕ್ಕೆ 44.7 ಮಂದಿ ಬೇರೆಯಾಗಬೇಕೆಂದು ಮತವಿತ್ತರು. 55.3 ಮಂದಿ ಬೇಡವೆಂದುದರಿಂದ ಒಕ್ಕೂಟವು ಉಳಿಯಿತು.

ನಾವು ಸಹ ಈ ಭೇದವನ್ನು ಎಣಿಸಿದವರಲ್ಲ. ಬಿಳಿಯರೆಲ್ಲ ನಮ್ಮ ಹಿರಿಯರಿಗೆ ಇಂಗ್ಲಿಷರೇ. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತಮಂಡಲಕ್ಕೆ ಮೊದಲ ಪ್ರಧಾನ ಕಲೆಕ್ಟರಾಗಿ ಬಂದು, 1807ರ ವರೆಗೆ ಇಲ್ಲಿಯ ಹೊಲಗದ್ದೆಗಳ ಕಂದಾಯವನ್ನು ರೈತವಾರಿಯಾಗಿ ಗೊತ್ತುಪಡಿಸಿದ ಥಾಮಸ್ ಮನ್ರೋ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಆತನ ಹೆಸರನ್ನು ನೆನೆಯುವ ನಮ್ಮಲ್ಲಿ ಎಷ್ಟು ಮಂದಿಗೆ ಆತನು ಆಂಗ್ಲೇಯನಲ್ಲವೆಂಬುದು ಗೊತ್ತು? ಆಳುವವರ ಒಳಭೇದವು ಆಳಿಸಿಕೊಂಡವರಿಗೆ ಕಾಣಿಸಲಿಲ್ಲ. ಆಳಿದವರಿಗೂ ನಮ್ಮ ಒಳಭೇದವು ಕಾಣಿಸಲಿಲ್ಲ. ಕಂಡರೂ ಲಕ್ಷ್ಯಕ್ಕೆ ಬರಲಿಲ್ಲ. ತಮಿಳು, ತೆಲುಗು, ಮಲೆಯಾಳ, ಕನ್ನಡಗಳ ಸೀಮೆಗಳನ್ನೆಲ್ಲ ಮದರಾಸು ಎಂಬ ಒಂದೇ ಆಧಿಪತ್ಯದಲ್ಲಿ ಕಟ್ಟಿಟ್ಟರು. ಕನ್ನಡಿಗನು ಅಲ್ಲಿ ಮೂಲೆಯವನಾದನು. 1926ರಲ್ಲಿ ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿಯೂ, 1938ರಲ್ಲಿ ರಂಗನಾಥ ದಿವಾಕರರ ಅಧ್ಯಕ್ಷತೆಯಲ್ಲಿಯೂ ಸಾಹಿತ್ಯ ಸಮ್ಮೇಲನಗಳು ಬಳ್ಳಾರಿಯಲ್ಲಿ ನೆರೆದುವೆಂದರೆ, ಮೂಲೆಯವನು ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳಬೇಕಾಗಿದ್ದಿತೆಂದೇ ಅರ್ಥ.

ಆ ಹೆಸರಿಗೆ ಪರೀಕ್ಷೆ ಬಂದುದು 1953ರಲ್ಲಿ. ಆಂಧ್ರ ರಾಜ್ಯವು ರೂಪುಗೊಳ್ಳುವಾಗ ನ್ಯಾಯಮೂರ್ತಿ ವಾಂಚೂ ಅವರ ವರದಿಯನ್ನು ಅನುಸರಿಸಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಹೊಸಪೇಟೆ, ಸಂಡೂರು, ಸಿರುಗುಪ್ಪ ತಾಲ್ಲೂಕುಗಳು ಮೈಸೂರಿಗೂ ಸಂದುವು. ಅಂದು ಕುರುಗೋಡನ್ನೂ ಒಳಗೊಂಡಿದ್ದ ಬಳ್ಳಾರಿ ತಾಲ್ಲೂಕೊಂದು ಮಾತ್ರ ವಾದಗ್ರಸ್ತವಾಗಿ ಉಳಿಯಿತು. ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಮಿಶ್ರ ಅವರು ವಿಚಾರಣೆ ನಡೆಸಿ ಅದು ಮೈಸೂರಿಗೆ ಸೇರತಕ್ಕದ್ದೆಂದು ಅಭಿಪ್ರಾಯವಿತ್ತರು. 1953ನೆಯ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರನ್ನು ಸೇರಿತು. ಆ ಉತ್ಸವದ ಪೆಂಡಾಲನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರು ದ್ವೇಷದ ದಾಳಿಗೆ ಬಲಿಯಾದರು. ಕನ್ನಡಕ್ಕಾಗಿ ಇಲ್ಲಿ ಪ್ರಾಣವನ್ನು ತೆತ್ತವರು ಯಾವ ಮತದವರೆಂಬುದನ್ನು ನಾಡು ಮರೆಯತಕ್ಕದ್ದಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ತುಂಗಭದ್ರಾ ಯೋಜನೆಯ ಆಡಳಿತವನ್ನು ಕಾರಣವಾಗಿ ಮುಂದೊಡ್ಡಿ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ವರ್ಗಾಯಿಸಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಅಂಗೀಕೃತವಾಗದೆ, 1956ನೆಯ ನವೆಂಬರ್ 1ರಂದು ಈ ತಾಲ್ಲೂಕುಗಳು ವಿಶಾಲ ಮೈಸೂರಿನಲ್ಲಿಯೇ ಉಳಿದುವು. ಕೆಲವೇ ವರ್ಷಗಳೊಳಗೆ ಎರಡು ಸಲ ತಮ್ಮ ಮನೆಯು ಯಾವ ರಾಜ್ಯದಲ್ಲಿರುವುದೋ ಎಂದು ಆತಂಕದಿಂದ ಕಾದ ಜನರಿಗೆ ಹೆಸರಿನ ಬೆಲೆಯನ್ನು ಯಾರೂ ಕಲಿಸಬೇಕಾದುದಿಲ್ಲ.

ಆದರೂ ಈ ಗೆಲುವಿನಲ್ಲಿ ಒಂದು ಎಚ್ಚರಿಕೆಯು ಅಡಗಿದೆ. ಕುರುಗೋಡಿನ ಶಾಸನಗಳು ಕನ್ನಡದವು. ಅಲ್ಲಿಯ ದೊಡ್ಡಬಸವೇಶ್ವರನ ತೇರಿನ ಹಗ್ಗವನ್ನು ಹಿಡಿಯುವ ಕೈಗಳು ಮಾತ್ರ ಯಾವ ಒಂದು ನುಡಿಯವೂ ಅಲ್ಲ. ಬಳ್ಳಾರಿಯು ಕನ್ನಡದ ಕೋಟೆಯಾಗಿದ್ದಂತೆಯೇ ತೆಲುಗು ನಾಟಕದ ತವರೂ ಆಗಿದ್ದಿತು. ಧರ್ಮವರಂ ರಾಮಕೃಷ್ಣಮಾಚಾರ್ಯರೂ ಕೋಲಾಚಲಂ ಶ್ರೀನಿವಾಸರಾಯರೂ ತಮ್ಮ ತೆಲುಗು ನಾಟಕಗಳನ್ನು ಬೆಳೆಯಿಸಿದುದು ಇದೇ ಊರಿನಲ್ಲಿ. ವಕೀಲರಾಗಿದ್ದು ನಟರಾಗಿ ದೇಶದಾದ್ಯಂತ ಕೀರ್ತಿ ಪಡೆದು 1946ರಲ್ಲಿ ತೀರಿಕೊಂಡ ಬಳ್ಳಾರಿ ರಾಘವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ರಂಗವೇರಿದವರು. ಇಂಗ್ಲೆಂಡಿಗೂ ಹೋಗಿ ಬಂದವರು. ಅವರ ಹೆಸರಿನ ಕಲಾಮಂದಿರವನ್ನು ಊರು ಇಂದಿಗೂ ತನ್ನ ಹೆಮ್ಮೆಯೆಂದೇ ಭಾವಿಸುವುದು. ಅವರನ್ನು ಯಾವ ಕಲಮಿನಲ್ಲಿ ಬರೆಯೋಣ?

ಮದರಾಸಿನಲ್ಲಿ ಮೂಲೆಯವರಾಗಿದ್ದ ನಾವು ಇಂದು ಬಳ್ಳಾರಿಯಲ್ಲಿ ಹಿರಿಯ ಪಾಲುದಾರರು. ಇಂಗ್ಲೆಂಡು ಮಾಡಿದ ತಪ್ಪನ್ನು ಮಾಡುವ ಅವಕಾಶವು ಈಗ ನಮಗೂ ಒದಗಿದೆ. 19ನೆಯ ಶತಮಾನದಲ್ಲಿ ವೇಲ್ಸಿನ ಅನೇಕ ಶಾಲೆಗಳಲ್ಲಿ, ಮನೆಯ ನುಡಿಯನ್ನಾಡಿದ ಮಗುವಿನ ಕೊರಳಿಗೆ ಅವಮಾನದ ಮರದ ತುಂಡನ್ನು ತೂಗುಹಾಕುತ್ತಿದ್ದರು. ಅದರಿಂದ ಆ ಮಕ್ಕಳಲ್ಲಿ ಬ್ರಿಟನ್ನಿನ ಪ್ರೀತಿಯು ಹೆಚ್ಚಿತೆಂದು ಯಾರೂ ಹೇಳಲಾರರು. 1993ರ ಕಾನೂನು ಸಾರ್ವಜನಿಕ ಕೆಲಸಗಳಲ್ಲಿ ವೇಲ್ಸ್ ನುಡಿಯನ್ನು ಇಂಗ್ಲಿಷಿಗೆ ಸಮನಾಗಿ ಕಾಣಬೇಕೆಂದಿತು. 2011ರಲ್ಲಿ ಅದಕ್ಕೆ ಅಧಿಕೃತ ಸ್ಥಾನವು ದೊರೆಯಿತು. 1536ರಲ್ಲಿ ಕಸಿದುದನ್ನು ಹಿಂದಕ್ಕೆ ಕೊಡಲು ನಾಲ್ಕೂವರೆ ಶತಮಾನಗಳು ಹಿಡಿದುವು. ಭಾರತದಲ್ಲಿಯೂ, ಅತಿ ಹೆಚ್ಚು ಮಂದಿ ಆಡುವ ನುಡಿಯವರು ತಮ್ಮ ನುಡಿಯನ್ನೇ ದೇಶದ ನುಡಿಯೆಂದು ಎಣಿಸಿದಾಗ ನಾವು ಪ್ರತಿಭಟಿಸುತ್ತೇವೆ. ಆ ಪ್ರತಿಭಟನೆಗೆ ಬಲವು ಬರಬೇಕಾದರೆ, ನಮ್ಮ ಅಂಗಳದ ತೆಲುಗಿನವನಿಗೂ ಉರ್ದುವಿನವನಿಗೂ ನಾವು ಅದೇ ನ್ಯಾಯವನ್ನು ಸಲ್ಲಿಸಬೇಕು.

ನಮ್ಮ ಸಂವಿಧಾನವು ಇದಕ್ಕೆ ದಾರಿಯನ್ನು ಮೊದಲೇ ತೋರಿಸಿದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣದ ಅನುಕೂಲವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸತಕ್ಕದ್ದೆಂದು ಹೇಳುತ್ತದೆ. ಸಿರುಗುಪ್ಪದಿಂದ ಪೂರ್ವಕ್ಕೆ ಹೊರಟ ಬಸ್ಸು ಸ್ವಲ್ಪ ಹೊತ್ತಿನಲ್ಲಿಯೇ ಗಡಿಯನ್ನು ದಾಟಿ ಆದವಾನಿಯ ದಾರಿಯನ್ನು ಹಿಡಿಯುವುದು. ಆ ಕಡೆಯ ಹಳ್ಳಿಗಳಲ್ಲಿ ಕನ್ನಡದ ಮಕ್ಕಳಿದ್ದಾರೆ. ಈ ಕಡೆಯ ಹಳ್ಳಿಗಳಲ್ಲಿ ತೆಲುಗಿನ ಮಕ್ಕಳಿದ್ದಾರೆ. ಅಲ್ಲಿಯ ಕನ್ನಡ ಶಾಲೆಗೆ ಉಪಾಧ್ಯಾಯರನ್ನೂ ಪುಸ್ತಕಗಳನ್ನೂ ಕೊಡಿರೆಂದು ಆಂಧ್ರ ಸರ್ಕಾರವನ್ನು ಕೇಳುವ ಹಕ್ಕು ನಮಗುಂಟು. ಇಲ್ಲಿಯ ತೆಲುಗು ಶಾಲೆಯನ್ನು ನಾವು ಹೇಗೆ ನಡೆಯಿಸಿಕೊಂಡು ಬರುತ್ತೇವೆಂಬುದೇ ಆ ಕೇಳಿಕೆಗೆ ಇರುವ ಅತಿ ದೊಡ್ಡ ಆಧಾರ.

ಇದರಿಂದ ಕನ್ನಡದ ಸ್ಥಾನಕ್ಕೆ ಯಾವ ಕುಂದೂ ಇಲ್ಲ. ಕಚೇರಿಗಳಲ್ಲಿ ಕನ್ನಡವು ಪೂರ್ಣವಾಗಿ ನಡೆಯಬೇಕು; ಇಲ್ಲಿಯ ಪ್ರತಿಯೊಂದು ಮಗುವೂ ಕನ್ನಡವನ್ನು ಕಲಿಯಬೇಕು; ಇದರಲ್ಲಿ ನಾವು ಯಾವ ಸಡಿಲಿಕೆಯನ್ನೂ ಒಪ್ಪುವುದಿಲ್ಲ. ಆದರೆ ಮನೆಯಲ್ಲಿ ತೆಲುಗಾಡುವ ಬಳ್ಳಾರಿಯವನು ನಮ್ಮ ನಾಡಿನವನೇ ಎಂಬುದನ್ನು ಅವನು ನಮ್ಮ ನಡತೆಯಿಂದಲೇ ಅರಿಯುವಂತಾಗಬೇಕು. ಜಿಲ್ಲೆಯ ಅಧಿಕಾರಿಗಳಿಗೆ ನಮ್ಮ ಕೋರಿಕೆಯಿಷ್ಟೆ: ಮುಂಬರುವ ಗಣತಿಯಲ್ಲಿ ಯಾವ ಗುಮಾಸ್ತನೂ ಮನೆಯವರ ಉಡುಪನ್ನೋ ಹೆಸರನ್ನೋ ನೋಡಿ ನುಡಿಯನ್ನು ತಾನೇ ಬರೆದುಕೊಳ್ಳದಂತೆ ಎಚ್ಚರ ವಹಿಸಲಿ, ಪ್ರಶ್ನೆಯನ್ನು ಪೂರ್ತಿಯಾಗಿ ಓದಿ ಕೇಳಲಿ, ಹೇಳಿದುದನ್ನೇ ಬರೆಯಲಿ. ಜನರಲ್ಲಿ ನಮ್ಮ ವಿನಂತಿಯೂ ಅಷ್ಟೆ. ಭಯದಿಂದಾಗಲಿ ಪಕ್ಷಪಾತದಿಂದಾಗಲಿ ಸುಳ್ಳು ಬರೆಯಿಸಬೇಡಿರಿ. ತಾಯಿ ಕಲಿಸಿದ ನುಡಿಯನ್ನು ಮಾತೃಭಾಷೆಯ ಕಲಮಿನಲ್ಲಿಯೂ, ತಾವು ಬಲ್ಲ ಇತರ ನುಡಿಗಳನ್ನು ಅವುಗಳ ಕಲಮಿನಲ್ಲಿಯೂ ನಿಸ್ಸಂಕೋಚವಾಗಿ ಹೇಳಿರಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳು ಕನ್ನಡ ನಾಡಿನಲ್ಲಿರುವುದು 1956ರಲ್ಲಿಯೇ ತೀರ್ಮಾನವಾದ ವಿಷಯ. ಅದನ್ನು ಕಾಪಾಡಲು ಯಾರ ಮನೆಯ ಮಾತನ್ನೂ ಮರೆಮಾಚಬೇಕಾದ ಅಗತ್ಯವು ಈಗ ಉಳಿದಿಲ್ಲ.