ಮರವಾದ ಮೇಲೂ ಬಗ್ಗುವ ಮಿದುಳು

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮಕ್ಕಳನ್ನು ಚಿಕ್ಕಂದಿನಲ್ಲಿಯೇ ತಿದ್ದಬೇಕೆಂಬ ಅದರ ಬುದ್ಧಿವಾದ ಒಳ್ಳೆಯದೇ. ಆದರೆ ಹದಿನೇಳು ಹದಿನೆಂಟು ವಯಸ್ಸಿನ ವಿದ್ಯಾರ್ಥಿಯ ಮುಂದೆ ಅದನ್ನು ತೀರ್ಪಿನಂತೆ ಓದಿ ಹೇಳುವುದು ಅನ್ಯಾಯ. ಆ ಅನ್ಯಾಯವನ್ನು ನಾವೂ ಒಮ್ಮೆ ಮಾಡಿದ್ದೇವೆ. ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ, ಮೂರು ಕಿರುಪರೀಕ್ಷೆಗಳಲ್ಲಿ ಸಾಲಾಗಿ ಸೋತ ವಿದ್ಯಾರ್ಥಿಯೊಬ್ಬನಿಗೆ, “ಭೌತವಿಜ್ಞಾನ ನಿನ್ನ ತಲೆಗೆ ಹತ್ತುವಂತೆ ಕಾಣುವುದಿಲ್ಲಪ್ಪ, ಬೇರೆ ವಿಷಯ ನೋಡಿಕೊ” ಎಂದುಬಿಟ್ಟೆವು. ಅವನು “ಆಗಲಿ ಸಾರ್” ಎಂದಷ್ಟೇ ಹೇಳಿ ಹೊರಟುಹೋದನು. ಮುಂದಿನ ತಿಂಗಳು ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಅಂಥ ತೀರ್ಪು ಕೊಡಲು ನಮಗಿದ್ದ ಆಧಾರವಾದರೂ ಏನು?

ಪ್ರಯೋಗಶಾಲೆಯಲ್ಲಿ ನೀವು ಜೋಡಿಸುವ ವಿದ್ಯುನ್ಮಂಡಲವನ್ನು ನೆನೆಯಿರಿ. ಅದರಲ್ಲಿ ಎಷ್ಟು ಹೊತ್ತು ವಿದ್ಯುತ್ತು ಹರಿದರೂ ತಂತಿಗಳ ಜೋಡಣೆ ತಾನಾಗಿ ಬದಲಾಗದು. ಮಿದುಳಿನ ರೀತಿ ಬೇರೆ. ಅಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶದಿಂದ ಇನ್ನೊಂದಕ್ಕೆ ಸಂದೇಶ ದಾಟುವ ಸಂಧಿಗೆ ಸಿನಾಪ್ಸ್ ಎಂದು ಹೆಸರು. ಸಂದೇಶಗಳು ಹರಿಯುವ ಕ್ರಿಯೆಯಿಂದಲೇ ಈ ಸಂಧಿಯ ಬಲ ಹೆಚ್ಚು ಕಡಿಮೆಯಾಗುತ್ತದೆ. ಒಂದು ಕೋಶವು ಇನ್ನೊಂದನ್ನು ಮತ್ತೆ ಮತ್ತೆ ಪ್ರಚೋದಿಸಿದರೆ ಅವೆರಡರ ನಂಟು ಬಲಗೊಳ್ಳಬೇಕೆಂದು ಕೆನಡದ ಮನೋವಿಜ್ಞಾನಿ ಡೊನಾಲ್ಡ್ ಹೆಬ್ 1949ರಲ್ಲಿ ಊಹಿಸಿದರು. 1973ರಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ ಎಂಬ ವಿಜ್ಞಾನಿಗಳು ಇದಕ್ಕೆ ಪ್ರಯೋಗದ ಬೆಂಬಲವನ್ನು ಪ್ರಕಟಿಸಿದರು. ಮೊಲದ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ವೇಗವಾದ ವಿದ್ಯುತ್ ಸ್ಪಂದನಗಳನ್ನು ಕೊಟ್ಟಾಗ ಸಂಧಿಗಳ ಪ್ರತಿಕ್ರಿಯೆ ಹೆಚ್ಚಿತು, ಮತ್ತು ಗಂಟೆಗಟ್ಟಲೆ ಹಾಗೆಯೇ ಉಳಿಯಿತು.

ಮೊಲದ ಮಾತಾಯಿತು, ಮನುಷ್ಯನ ಗತಿಯೇನು ಎಂದು ಕೇಳಬಹುದು. ಲಂಡನ್ನಿನಲ್ಲಿ ಟ್ಯಾಕ್ಸಿ ಚಾಲಕನಾಗಲು ಬಯಸುವವನು ಸುಮಾರು 25,000 ಬೀದಿಗಳ ವಿನ್ಯಾಸವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು ಕಠಿಣವಾದ ಪರೀಕ್ಷೆಗಳನ್ನು ದಾಟಬೇಕು. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಇಂಥ 79 ಅಭ್ಯರ್ಥಿಗಳ ಮಿದುಳನ್ನು ಎಲೆನರ್ ಮಗ್ವೈರ್ ಮತ್ತು ಕ್ಯಾಥರೀನ್ ವುಲೆಟ್ ಕಲಿಕೆಯ ಆರಂಭದಲ್ಲಿ ಪರಿಶೀಲಿಸಿ, ಕೆಲವು ವರ್ಷಗಳ ತರುವಾಯ ಮತ್ತೆ ಪರಿಶೀಲಿಸಿ, ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಅವರಲ್ಲಿ ಉತ್ತೀರ್ಣರಾದವರು 39 ಮಂದಿ. ಆರಂಭದಲ್ಲಿ ಇವರಿಗೂ ಉಳಿದವರಿಗೂ ಹಿಪೊಕ್ಯಾಂಪಸಿನಲ್ಲಿ ವ್ಯತ್ಯಾಸ ಕಂಡಿರಲಿಲ್ಲ. ಕೊನೆಯಲ್ಲಿ, ಉತ್ತೀರ್ಣರಾದವರಲ್ಲಿ ಮಾತ್ರ ಅದರ ಹಿಂಭಾಗದ ಬೂದು ದ್ರವ್ಯ ಹೆಚ್ಚಿತ್ತು. ಇವರೆಲ್ಲರೂ ವಯಸ್ಕರು, ಎಂದರೆ ನಮ್ಮ ಗಾದೆಯ ಲೆಕ್ಕದಲ್ಲಿ ಮರವಾದವರು.

ಹುಟ್ಟಿನಿಂದ ಬಂದ ವ್ಯತ್ಯಾಸಗಳೇ ಇಲ್ಲವೆಂದು ಇದರಿಂದ ಸಾಧಿಸಿದಂತಾಗದು. ದುಡಿದವರೆಲ್ಲರೂ ಒಂದೇ ಎತ್ತರವನ್ನು ಮುಟ್ಟುವರೆಂದೂ ನಾವು ಹೇಳುವುದಿಲ್ಲ. ಆದರೆ ಯಾರ ಮಿದುಳು ಎಷ್ಟು ಬಗ್ಗೀತು ಎಂಬುದು ಬಗ್ಗಿಸಿ ನೋಡುವ ಮೊದಲು ತಿಳಿಯುವ ವಿಷಯವಲ್ಲ. ಮೂರು ಕಿರುಪರೀಕ್ಷೆಗಳು ಅದನ್ನು ತಿಳಿಸಲಾರವು ಎಂಬುದು ನಿಸ್ಸಂದೇಹ.

ಈ ಮಾತಿನಿಂದ ಹಿಗ್ಗುವ ವಿದ್ಯಾರ್ಥಿಗಳು ಇದರ ಇನ್ನೊಂದು ಮುಖವನ್ನೂ ನೋಡಬೇಕು. 2004ರಲ್ಲಿ ಜರ್ಮನಿಯ ಸಂಶೋಧಕರು ಕೆಲವು ವಯಸ್ಕರಿಗೆ ಮೂರು ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುವ ಕೈಚಳಕವನ್ನು ಕಲಿಯಲು ಹೇಳಿದ ಪ್ರಯೋಗವನ್ನು ವರದಿ ಮಾಡಿದರು. ಮೂರು ತಿಂಗಳ ಅಭ್ಯಾಸದ ತರುವಾಯ, ಚಲಿಸುವ ವಸ್ತುಗಳನ್ನು ಗುರುತಿಸುವ ಮಿದುಳಿನ ಭಾಗದಲ್ಲಿ ಬೂದು ದ್ರವ್ಯ ಹೆಚ್ಚಿತು. ಮತ್ತೆ ಮೂರು ತಿಂಗಳು ಅಭ್ಯಾಸವನ್ನು ಬಿಟ್ಟಾಗ ಆ ಹೆಚ್ಚಳ ಇಳಿಯಿತು. ಮಿದುಳು ಕೊಟ್ಟದ್ದನ್ನು ಹಿಂದಕ್ಕೂ ತೆಗೆದುಕೊಳ್ಳುತ್ತದೆ. ಬಗ್ಗುವ ಗುಣ ಒಳಿತಿಗೂ ಸರಿ, ಕೆಡುಕಿಗೂ ಸರಿ. ದಿನವೂ ಪುಸ್ತಕವನ್ನು ಮುಚ್ಚಿಡುವವನು ಏನನ್ನೂ ಕಲಿಯುತ್ತಿಲ್ಲವೆಂದು ಭಾವಿಸಬಾರದು. ಅವನು ಮುಚ್ಚಿಡುವುದನ್ನೇ ಚೆನ್ನಾಗಿ ಕಲಿಯುತ್ತಿರುವನು.

ಪರೀಕ್ಷೆಯ ಹಿಂದಿನ ವಾರ ನಿದ್ದೆಗೆಟ್ಟು ಉರುಹೊಡೆಯುವ ನಮ್ಮ ಕಾಲೇಜುಗಳ ಪದ್ಧತಿಯನ್ನು ನಾವು ವಿರೋಧಿಸುವುದು ಈ ಕಾರಣದಿಂದಲೇ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಉಳಿದವರು ಓದಿದ್ದನ್ನು ಮುಚ್ಚಿಟ್ಟು ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಕೇಳಿದಾಗ ಮೊದಲಿನವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಅವರನ್ನು ಹಿಂದಿಕ್ಕಿದ್ದರು. ಹಾಗಿದ್ದ ಮೇಲೆ ವಾರಕ್ಕೊಂದು ಕಿರುಪರೀಕ್ಷೆ ಇರಲಿ. ಆದರೆ ಅದು ವಿದ್ಯಾರ್ಥಿಯನ್ನು ತೂಗುವ ತಕ್ಕಡಿಯಾಗದೆ ಕಲಿಸುವ ಉಪಕರಣವಾಗಲಿ. ಅದರ ಅಂಕಗಳನ್ನು ಅಂತಿಮ ಫಲಿತಾಂಶಕ್ಕೆ ಸೇರಿಸದಿದ್ದರೆ ಇನ್ನೂ ಒಳ್ಳೆಯದು.

ಅಭ್ಯಾಸವು ಎಷ್ಟು ದಿನಗಳಲ್ಲಿ ಬೇರೂರೀತು? ಲಂಡನ್ನಿನ ವಿಶ್ವವಿದ್ಯಾನಿಲಯ ಕಾಲೇಜಿನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರೂಢಿಯೊಂದು ಸಹಜವಾಗಲು ಸಾಮಾನ್ಯವಾಗಿ 66 ದಿನಗಳು ಬೇಕಾದವು. ಆದರೆ ಅಂದಾಜು ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ 254 ದಿನ ಎಂಬಷ್ಟು ಅಂತರವೂ ಇತ್ತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ನಷ್ಟವಾಗಲಿಲ್ಲವೆಂಬುದೂ ಗಮನಾರ್ಹ. ಗೆಳೆಯನಿಗೆ ಒಂದು ತಿಂಗಳಲ್ಲಿ ಒಲಿದದ್ದು ನಿಮಗೆ ಆರು ತಿಂಗಳಲ್ಲಿ ಒಲಿದರೆ ನಾಚಬೇಕಾಗಿಲ್ಲ, ನಿಲ್ಲಿಸಲೂ ಬೇಕಾಗಿಲ್ಲ.

ನಮ್ಮ ಆ ವಿದ್ಯಾರ್ಥಿ ಈಗ ಎಲ್ಲಿರುವನೋ ತಿಳಿಯದು. “ತಲೆಗೆ ಹತ್ತುವುದಿಲ್ಲ” ಎಂಬ ಮಾತನ್ನು ಅಂದಿನಿಂದ ನಾವು ತರಗತಿಯಲ್ಲಿ ಆಡಿಲ್ಲ. ಬೇರೆ ಅಧ್ಯಾಪಕರೂ ಅದನ್ನು ಬಿಡಲಿ ಎಂದು ಬೇಡುತ್ತೇವೆ. ಅಂದು ಅವನಿಗೆ ಹೇಳಬೇಕಾಗಿದ್ದ ಮಾತು ಇಷ್ಟೇ ಆಗಿತ್ತು: “ಇನ್ನೂ ಹತ್ತಿಲ್ಲ. ನಾಳೆ ಸಂಜೆ ಬಾ, ಮೊದಲಿನಿಂದ ನೋಡೋಣ.”