ಡೇಬುಕ್ ಇಲ್ಲದ ಮೆಮರಿ ಕಾರ್ಡು

"ಎಕ್ಸ್‌ಫ್ಯಾಟ್ ಹಾಕ್ಬಿಡಿ ಸಾರ್, ಎಲ್ಲದರಲ್ಲೂ ಓಡುತ್ತೆ" ಅನ್ನುವವರನ್ನು ಕಂಡರೆ ನನಗೀಗ ಮೈ ಉರಿಯುತ್ತೆ. ಓಡುತ್ತೆ ಸ್ವಾಮಿ, ಬಿದ್ದರೆ ಏಳುತ್ತಾ?

ಲಿಂಗಂಪಲ್ಲಿಯ ನಮ್ಮನೆಯಲ್ಲೊಂದು ರಾಸ್ಪ್‌ಬೆರಿ ಪೈ ಇದೆ. ಅದಕ್ಕೆ ಸಿಕ್ಕಿಸಿದ್ದ 64 ಜಿಬಿ ಕಾರ್ಡಿನಲ್ಲಿ ಅಮ್ಮನ ಹಸೆ ಹಾಡುಗಳಿದ್ದವು. ಕಾಪಿ ಆಗುತ್ತಿರುವಾಗಲೇ ಕರೆಂಟು ಹೋಯ್ತು. ಬಂದ ಮೇಲೆ ನೋಡಿದರೆ ಫೋಲ್ಡರೇ ಖಾಲಿ! ಅಮ್ಮ ಈಗಿಲ್ಲ.

ನಾನು ಓದಿದ್ದು ಬಿಕಾಂ. ಮೊದಲು ಜರ್ನಲ್ ಎಂಟ್ರಿ, ಆಮೇಲೆ ಲೆಡ್ಜರ್ ಅನ್ನುವುದು ನಮಗೆ ಮೊದಲ ಪಾಠ. ಕೆಲಸ ಅರ್ಧಕ್ಕೇ ನಿಂತರೆ, ಎಲ್ಲಿ ನಿಂತಿತು ಅಂತ ಜರ್ನಲ್ ಹೇಳುತ್ತೆ. ವಿಂಡೋಸಿನ ಎನ್‌ಟಿಎಫ್‌ಎಸ್ (1993), ಲಿನಕ್ಸಿನ ಇಎಕ್ಸ್‌ಟಿ4 (2008) ಮಾಡುವುದು ಇದನ್ನೇ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ಗೆ ಜರ್ನಲ್ಲೇ ಇಲ್ಲ! ಫ್ಯಾಟ್32ಕ್ಕೂ ಇಲ್ಲ, ಆದರೆ ಅದು ತನ್ನ ಪಟ್ಟಿಯನ್ನು ಸಾಮಾನ್ಯವಾಗಿ ಎರಡು ಪ್ರತಿ ಇಡುತ್ತೆ, ಎಕ್ಸ್‌ಫ್ಯಾಟ್ ಒಂದೇ. ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲು ಹಿಡಿಸುವುದಿಲ್ಲ, ಅಷ್ಟೇ.

ಕ್ಯಾಮೆರಾಗೆ ಎಕ್ಸ್‌ಫ್ಯಾಟ್ ಬೇಕು, ಒಪ್ಪಿದೆ. ಕಂಪ್ಯೂಟರಲ್ಲೇ ಬಿದ್ದಿರುವ ಕಾರ್ಡಿಗೆ ಯಾಕೆ? "ಜರ್ನಲ್ ಬರೆದೂ ಬರೆದೂ ಕಾರ್ಡು ಸವೆಯುತ್ತೆ" ಅಂತಾರೆ. ಸವೆಯಲಿ ಬಿಡಿ, ಕಾರ್ಡು ಅಂಗಡಿಯಲ್ಲಿ ಸಿಗುತ್ತೆ. ಅಮ್ಮನ ದನಿ ಯಾವ ಅಂಗಡಿಯಲ್ಲಿ ಸಿಗುತ್ತೆ?

ಹಾಗಂತ ಇಎಕ್ಸ್‌ಟಿ4 ದೇವರಲ್ಲ. ಮಾಮೂಲಿಯಾಗಿ ಅದರ ಜರ್ನಲ್ಲಿನಲ್ಲಿ ಇರುವುದು ಫೈಲುಗಳ ಲೆಕ್ಕ ಮಾತ್ರ, ಒಳಗಿನ ಸರಕಲ್ಲ. ಕಾರ್ಡೇ ಸತ್ತರೆ ಯಾವ ಜರ್ನಲ್ಲೂ ಉಳಿಸದು. ಅದಕ್ಕೇ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಅನ್‌ಮೌಂಟ್ ಮಾಡದೆ ಕಾರ್ಡು ಕೀಳಬೇಡಿ. ಕ್ಯಾಶ್ ಟ್ಯಾಲಿ ಆಗದೆ ಕ್ಯಾಶಿಯರನ್ನು ಮನೆಗೆ ಬಿಡ್ತೀವಾ?

ನಿಮ್ಮ ಕಾರ್ಡಿನಲ್ಲಿ ಯಾವುದಿದೆ, ಇವತ್ತೇ ನೋಡಿ. ನಾನು ತಡ ಮಾಡಿದೆ.