ಗುಟ್ಟಿಗೂ ಬೆಲೆಯುಂಟೇ?

ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಸಂಘದ ವೇದಿಕೆಯಲ್ಲಿ ಜಾದೂ ಮಾಡಿದ ಹುಡುಗ ನನ್ನ ತಂಗಿಯ ಮಗ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ, ನಾನೂ ತಟ್ಟಿದೆ. ಆಮೇಲೆ ತಿಳಿಯಿತು: ಆ ಆಟದ ಪಾಠವನ್ನು ಅದನ್ನು ಕಟ್ಟಿದ ಜಾದೂಗಾರ ಹಣಕ್ಕೆ ಮಾರುತ್ತಾನೆ. ಗೆಳೆಯ ಕೊಂಡದ್ದನ್ನು ಇವನು ಪುಕ್ಕಟೆ ನಕಲು ಮಾಡಿಕೊಂಡಿದ್ದ.

"ದೊಡ್ಡಮ್ಮಾ, ಗುಟ್ಟಿಗೂ ಕಾಪಿರೈಟ್ ಇದೆಯಾ?" ಅಂದ.

ಒಳ್ಳೆಯ ಪ್ರಶ್ನೆಯೇ. ಹೊರೇಸ್ ಗೋಲ್ಡಿನ್ ಎಂಬಾತ ಹೆಂಗಸನ್ನು ಗರಗಸದಿಂದ ಕೊಯ್ಯುವ ಆಟಕ್ಕೆ 1923ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಪೇಟೆಂಟ್ ಬೇಕೆಂದರೆ ಗುಟ್ಟನ್ನು ಬರೆದುಕೊಡಬೇಕು. ಬರೆದದ್ದನ್ನು ಯಾರು ಬೇಕಾದರೂ ಓದಬಹುದು! 1933ರಲ್ಲಿ ಒಂದು ಸಿಗರೇಟು ಕಂಪನಿ ಆ ಗುಟ್ಟನ್ನೇ ಜಾಹೀರಾತು ಮಾಡಿತು. ಗೋಲ್ಡಿನ್ ಕೋರ್ಟಿಗೆ ಹೋಗಿ 1938ರಲ್ಲಿ ಸೋತ. (ಅವನಾದರೂ ಏನು ಕಡಿಮೆ? ಲಂಡನ್ನಿನ ಸೆಲ್ಬಿಟ್ 1921ರಲ್ಲೇ ಅಂಥ ಆಟ ತೋರಿಸಿದ್ದ.)

ಟೆಲ್ಲರ್ ಮಾತ್ರ ಗೆದ್ದ. ಗುಲಾಬಿಯ ನೆರಳನ್ನು ಚಾಕುವಿನಿಂದ ಕತ್ತರಿಸಿದರೆ ನಿಜವಾದ ಹೂವಿನ ಎಸಳು ಉದುರುತ್ತದೆ, ಅದು ಅವನ ಆಟ. 1983ರಲ್ಲಿ ಮೂಕಾಭಿನಯವೆಂದು ಕಾಪಿರೈಟ್ ಮಾಡಿಸಿದ್ದ. ನಕಲು ಮಾಡಿದವನ ವಿರುದ್ಧ 2014ರಲ್ಲಿ ನೆವಾಡಾದ ಕೋರ್ಟು ತೀರ್ಪು ಕೊಟ್ಟಿತು. ಆದರೆ ರಕ್ಷಣೆ ಅಭಿನಯಕ್ಕೆ, ಗುಟ್ಟಿಗಲ್ಲ.

"ನೋಡಿದಿರಾ, ನಾನು ಹೇಳಿದ್ದೇ ಸರಿ!" ಎಂದು ಕುಣಿದ.

"ನಿನ್ನ ಸಂಗೀತದ ಮೇಷ್ಟ್ರಿಗೆ ಫೀಸು ಕೊಡುತ್ತೇವಲ್ಲ, ಮೋಹನ ರಾಗಕ್ಕೆ ಕಾಪಿರೈಟ್ ಇದೆಯೇನೋ?" ಎಂದೆ.

ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಪಾಕೆಟ್ ಮನಿ ಕೂಡಿಸಿ ಪಾಠ ಕೊಂಡ. ನಿಮ್ಮಲ್ಲಿ ಯಾರಾದರೂ ಅದರ ನಕಲು ಕೇಳಿದರೆ ಅವನೀಗ ಕೊಡುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಬೈಯುವುದಿದ್ದರೆ ನನ್ನನ್ನು ಬೈಯಿರಿ.